ಕಾಯ್ದಿಟ್ಟ ಎಡಗೈ

"ಅಯ್ಯೋ, ಆ ಕೈ ಬಿಡ್ರೀ!"

ಕುಸುಮಾ ನನಗೆ ಹೇಳಿದ ಮೊದಲ ಮಾತು ಅದು. ವಿಜಯನಗರದ ಡಯಾಲಿಸಿಸ್ ಸೆಂಟರಿನಲ್ಲಿ ಅಮ್ಮನ ಪಕ್ಕದ ಬೆಡ್ ಅವಳದು. ಇಳಿಯುವಾಗ ತಲೆ ಸುತ್ತಿ ವಾಲಿದಳು, ನಾನು ಎಡಗೈ ಹಿಡಿದೆ. ಇಡೀ ವಾರ್ಡು ನನ್ನನ್ನು ಪೋಲಿ ಅನ್ನೋ ಹಾಗೆ ನೋಡಿತು.

ಅಮ್ಮನಿಗೆ ನಗು. "ಅದು ಫಿಸ್ಟುಲಾಗೆ ಅಂತ ಕಾಪಾಡ್ಕೊಂಡಿರೋ ಕೈ ಕಣೋ ಭೈರೇಶ. ಸೂಜಿ ಚುಚ್ಚಂಗಿಲ್ಲ, ಬಿಪಿ ನೋಡಂಗಿಲ್ಲ. ನಿನ್ನಂಥೋನು ಹಿಡಿದು ಎಳೆಯಂಗಂತೂ ಇಲ್ಲವೇ ಇಲ್ಲ."

ಅಮ್ಮನಿಗೆ ಆ ಆಪರೇಷನ್ ಆಗಿತ್ತು. ತೋಳಿನ ಎರಡು ರಕ್ತನಾಳ ಸೇರಿಸಿ, ಡಯಾಲಿಸಿಸ್ ಸೂಜಿ ತಡೆಯುವಷ್ಟು ಬಲಿಯಲು ಬಿಟ್ಟಿದ್ದರು. ಕುಸುಮಾಗೆ ಸದ್ಯಕ್ಕೆ ಕುತ್ತಿಗೆಯ ಪೈಪೇ ಗತಿ.

ಆಮೇಲೆ ಅಮ್ಮನನ್ನು ಕರೆತರುವ ಕೆಲಸ ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಕುಸುಮಾ ಆರ್‌ಪಿಸಿ ಲೇಔಟಿನ ಸ್ಕೂಲ್ ಟೀಚರ್. ನಕ್ಕರೆ ಮೊದಲು ಕಣ್ಣು ನಗುತ್ತಿತ್ತು, ತುಟಿ ಆಮೇಲೆ. ನಾನು ನೋಡಿದರೆ ಮೆಷಿನ್ ಕಡೆ ತಿರುಗುವಳು, ನಾನು ಮೊಬೈಲ್ ತೆಗೆದರೆ ನನ್ನ ಕಡೆ.

"ಮೊಬೈಲ್ ತಲೆಕೆಳಗಾಗಿದೆ ನೋಡ್ಕೊಳ್ರೀ," ಅಂದಳು ಒಮ್ಮೆ.

ಮದುವೆ ಮಾತು ನಾನೇ ಎತ್ತಿದೆ.

"ಈ ಪೈಪ್ ಮೇಲೆ ತಾಳಿ ಎಲ್ಲಿ ಕಟ್ತೀಯೋ? ಫಿಸ್ಟುಲಾ ಆಗ್ಲಿ, ಪೈಪ್ ತೆಗೀಲಿ. ಆಮೇಲೆ ನೋಡೋಣ."

ಅವತ್ತಿನಿಂದ ಅವಳು ನರ ಬಲಿಯಲಿ ಅಂತ ಸ್ಪಂಜಿನ ಚೆಂಡು ಹಿಸುಕಿದ್ದೇ ಹಿಸುಕಿದ್ದು. ನನಗೂ ಆಸೆ ಬೆಳೆಯಿತು.

ಆಪರೇಷನ್ನಿಗೆ ಮುಂಚೆ ಮಾಡಿಸಿದ ಹಾರ್ಟಿನ ಎಕೋ ರಿಪೋರ್ಟ್ ನೋಡಿದ ಡಾಕ್ಟರ್ ಅವಳಿಗೆ ಹೇಳಿದ್ದು ಇಷ್ಟೇ. "ಎಲ್ಲರಿಗೂ ಫಿಸ್ಟುಲಾನೇ ಸರಿ ಅಂತಿಲ್ಲಮ್ಮ. ನಿಮ್ಮ ಹಾರ್ಟ್ ಸ್ವಲ್ಪ ವೀಕ್, ಆ ರಕ್ತದ ರಭಸ ತಡೆಯಲ್ಲ. ನಿಮಗೆ ಪೈಪೇ ಒಳ್ಳೇದು."

"ಹೋಗ್ಲಿ ಬಿಡು, ಪೈಪ್ ಜೊತೆಗೇ ಕಟ್ಕೋ ನನ್ನ," ಅಂದಳು ಕುಸುಮಾ. "ಆಷಾಢ ಕಳೀಲಿ, ಶ್ರಾವಣದಲ್ಲಿ ಮದುವೆ."

ಡಾಕ್ಟರ್ ನನ್ನನ್ನು ಹೊರಗೆ ಕರೆದರು. "ಸ್ವಲ್ಪ ಅಲ್ಲಪ್ಪ, ತುಂಬಾ ವೀಕ್. ಜಾಸ್ತಿ ದಿನ ಸಿಗುತ್ತೆ ಅಂತ ನಂಬ್ಕೋಬೇಡಿ."

ಅವಳಿಗೆ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅಮ್ಮ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಹೋದಳು.

ಮುಂದಿನ ಸಲ ಸೂಜಿ ಹಾಕಿಸಿಕೊಂಡು ಮಲಗಿದ ಮೇಲೆ ಅಮ್ಮ ಪಕ್ಕಕ್ಕೆ ತಿರುಗಿದಳು. "ಕುಸುಮಾ, ಈ ಗುರುವಾರಾನೇ ಮದುವೆ ಮಾಡ್ಬಿಡೋಣ ಕಣಮ್ಮ. ನಮ್ಮ ಮಾರೇನಹಳ್ಳಿ ದೇವಸ್ಥಾನದಲ್ಲಿ."

ಆಷಾಢದಲ್ಲಿ ಹೊಸ ಪೊರಕೆ ಕೂಡ ಕೊಳ್ಳದವಳು ನಮ್ಮಮ್ಮ. ಅದು ವಾರ್ಡಿಗೆಲ್ಲ ಗೊತ್ತಿತ್ತು. ಕುಸುಮಾಳ ನಗು ಅಲ್ಲೇ ನಿಂತಿತು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಿದೆ, ಹೇಡಿ.

"ಅಷ್ಟು ಅರ್ಜೆಂಟಾ ಭೈರೇಶ್?"

"ನಿನ್ನ ಬಿಟ್ಟಿರಕ್ಕೆ ಆಗಲ್ಲ ಕಣೇ," ಅಂದೆ. ಎಲ್ಲರೆದುರೇ ಅತ್ತುಬಿಟ್ಟೆ.

ಅವಳು ಸೂರು ನೋಡುತ್ತಾ ಮಲಗಿದಳು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ, ಇಷ್ಟು ದಿನ ಆಂಟಿ ಅಂತಿದ್ದವಳು ಅಮ್ಮನ ಕಡೆ ಹೊರಳಿದಳು.

"ಗುರುವಾರ ಎಷ್ಟು ಹೊತ್ತಿಗೆ ರೆಡಿಯಾಗಿರ್ಲಿ ಅತ್ತೆ?"