ಗಂಡಿಗಿಂತ ಉದ್ದದ ಹೆಣ್ಣು

"ಅಲ್ಲೇ ನಿಲ್ರೀ! ಆ ಕಾಲು ಕೆಳಗಿಡಬ್ಯಾಡ್ರಿ!"

ಅರ್ಪಿತಾ ಒಂಟಿಕಾಲಲ್ಲಿ ನಿಂತುಬಿಟ್ಟಳು.

ಓಡಿ ಬಂದವನು ಅವಳ ಮೊಣಕೈ ಹಿಡಿದು, ಕಾಲ ಕೆಳಗಿನ ಕಲ್ಲುಗಳತ್ತ ಬೆರಳು ಮಾಡಿದ. ಕಲ್ಲುಗಳಲ್ಲ... ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳು!

ಅದು ಬೇಸಿಗೆಯ ಸೂಳೆಕೆರೆಯ ದಂಡೆ. ಅವನು ಕೆಂಚೇಶ್, ಕತ್ತಲಗೆರೆಯಲ್ಲಿ ಬೀಜದ ಅಂಗಡಿ ಇಟ್ಟವನು. ಅವಳು ನ್ಯಾಮತಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್.

ಅಂದಿನಿಂದ ಷಣ್ಮುಖಪ್ಪ ಮೇಷ್ಟ್ರ ಹಕ್ಕಿ ನೋಡುವ ತಂಡದಲ್ಲಿ ಪ್ರತಿ ಭಾನುವಾರ ಇಬ್ಬರೂ ಒಂದೇ ಬಂಡೆಯ ಮೇಲೆ ಕೂರುತ್ತಿದ್ದರು. ಮಾತು ಕಡಿಮೆ. ಬೈನಾಕ್ಯುಲರ್ ಮಾತ್ರ ಕೈಯಿಂದ ಕೈಗೆ ಹೋಗುತ್ತಿತ್ತು. ಆ ಮೌನದಲ್ಲಿ ಅವಳಿಗೆ ಏನೂ ಕಮ್ಮಿ ಅನ್ನಿಸುತ್ತಿರಲಿಲ್ಲ.

ಈಗ ನವೆಂಬರ್‌ನ ಪ್ರವಾಸ ಗೊತ್ತಾಗಿತ್ತು. ದೂರದೇಶಗಳಿಂದ ಹಾರಿಬರುವ ಹಕ್ಕಿಗಳನ್ನು ನೋಡಲು ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ, ಎರಡು ದಿನ. ಕಡಲ ನೀರು ಇಳಿದಾಗಲೇ ಅಲ್ಲಿನ ಕೆಸರಿಗೆ ಹಕ್ಕಿಗಳು ಬರುವುದು. ಇಳಿತದ ಹೊತ್ತು ಹುಡುಕಿ ಪಟ್ಟಿ ಮಾಡಿದವಳು ಅರ್ಪಿತಾ.

ಪಟ್ಟಿಯಲ್ಲಿ ಬರೆಯದ ಕೆಲಸವೂ ಒಂದಿತ್ತು. ಅಲ್ಲಿ, ಅವನ ಪಕ್ಕ ಕೂತು, ಹೇಳಿಬಿಡಬೇಕು...

ಸವಳಂಗದಿಂದ ಅವಳಿಗೊಂದು ಸಂಬಂಧ ಬಂದಿತ್ತು. "ಟ್ರಿಪ್ಪಿಂದ ಬಂದು ಹೇಳ್ತೀನವ್ವಾ" ಎಂದು ತಾಯಿಯ ಬಾಯಿ ಕಟ್ಟಿದ್ದಳು.

ಪಟ್ಟಿ ಕೊಡಲು ಹೊನ್ನಾಳಿಯ ಮೇಷ್ಟ್ರ ಮನೆಗೆ ಬಂದಾಗ, ಕೆಂಚೇಶ್ ಜಗಲಿಯಲ್ಲಿ ಬೆನ್ನು ತಿರುಗಿಸಿ ಫೋನಿನಲ್ಲಿದ್ದ.

"ಹೆಣ್ಣು ಗೊತ್ತಾತು ಮಾರಾಯ! ನೀನು ಕಳಿಸಿದ ಫೋಟೊ ನೋಡಿದೆ. ಗಂಡಿಗಿಂತ ಉದ್ದ ಐತೆ... ಇರ್ಲಿ ಬಿಡು, ಅದರಾಗೇ ಅಂದ! ಕುಮಟಾಕ್ಕೆ ಬಂದಾಗ ಕಣ್ತುಂಬ ನೋಡ್ತೀನಿ."

ಅರ್ಪಿತಾ ಕೈಯಲ್ಲಿದ್ದ ಪಟ್ಟಿಯನ್ನು ನಾಲ್ಕಾಗಿ ಮಡಚಿದಳು.

'ಹೆಣ್ಣು ಗೊತ್ತಾಯಿತೇ? ಟ್ರಿಪ್ಪಿಗೆ ಇವನು ಹೊರಟಿದ್ದು ಹೆಣ್ಣು ನೋಡಲಿಕ್ಕೇ? ಮೊದಲೇ ನನಗಿಂತ ಗಿಡ್ಡ... ಇನ್ನೂ ಉದ್ದದವಳೇ ಬೇಕಾಯಿತೇ!'

ಸೀದಾ ಒಳಗೆ ಹೋಗಿ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಸರ್, ನನ್ನ ಹೆಸರು ತೆಗೀರಿ. ನಾನು ಬರಲ್ಲ."

"ಅಯ್ಯೋ, ಇಳಿತದ ಪಟ್ಟಿ ಮಾಡಿದೋರೇ ಬರಲ್ಲ ಅಂದ್ರೆ? ನಾವು ಉಬ್ಬರದಾಗ ನಿಂತು ಬರೇ ನೀರು ನೋಡ್ಕಂಡ್ ಬರಾದಾ?" ಮೇಷ್ಟ್ರು ನಕ್ಕರು.

"ಮನೇಲಿ ಸವಳಂಗದ ಸಂಬಂಧ ನೋಡ್ಯಾರೆ ಸರ್. ಹೂಂ ಅಂತೀನಿ."

ಬಾಗಿಲಲ್ಲಿ ಕೆಂಚೇಶ್ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

ಅವನನ್ನು ದಾಟುವಾಗ ಅವಳು ಕಷ್ಟಪಟ್ಟು ನಕ್ಕಳು. "ಕಂಗ್ರಾಜುಲೇಷನ್ಸ್. ಹೆಣ್ಣು ಗೊತ್ತಾತಂತಲ್ಲ."

"ಹೂಂ... ನಿಮಗೇ ಮೊದಲು ತೋರ್ಸಾಕೆ ಅಂತ..."

"ಬ್ಯಾಡ್ರಿ! ಮದುವೆ ದಿನಾನೇ ನೋಡ್ತೀನಿ."

"ಯಾರ ಮದುವೆ?"

ಅವಳು ಉತ್ತರಿಸದೆ ಮೆಟ್ಟಿಲಿಳಿಯಲು ಕಾಲೆತ್ತಿದಳು.

"ಅಲ್ಲೇ ನಿಲ್ರೀ ಮೇಡಂ!"

ಅದೇ ದನಿ! ಅವಳು ಅಂದಿನಂತೆಯೇ ನಿಂತುಬಿಟ್ಟಳು. ಅವನು ಓಡಿ ಬಂದು ಫೋನನ್ನು ಅವಳ ಮುಖದೆದುರು ಹಿಡಿದ.

ಕೆಸರಿನಲ್ಲಿ ಒಂದು ಮಾಸಲು ಹಕ್ಕಿ. ಕುಡುಗೋಲಿನಂತೆ ಬಾಗಿದ ನೀಳ ಕೊಕ್ಕು.

"ಕರ್ಲ್ಯೂ ಹಕ್ಕಿ ಕಣ್ರೀ, ಕುಮಟಾದ ಗೆಳೆಯ ಕಳಿಸಿದ್ದು. ಗಂಡಿಗಿಂತ ಹೆಣ್ಣಿನ ಕೊಕ್ಕು ಉದ್ದ. ಅದರಾಗೇ ಗೊತ್ತಾತು, ಇದು ಹೆಣ್ಣು ಅಂತ."

ಅವಳು ಫೋನನ್ನು ಕಣ್ಣಿನ ಹತ್ತಿರ ಎಳೆದುಕೊಂಡಳು.

ಹಕ್ಕಿ... ಬರೀ ಹಕ್ಕಿ! ಅವಳ ಎದೆ ಹಗುರಾಗಿ, ನಗುವೋ ಅಳುವೋ ತಿಳಿಯದ ಒಂದು ಸದ್ದು ಗಂಟಲಿಂದ ಹೊರಟಿತು. ಕಣ್ಣು ಒರೆಸಿಕೊಂಡಷ್ಟೂ ತುಂಬಿ ಬಂತು.

"ಲೋ ಕೆಂಚೇಶ್," ಒಳಗಿನಿಂದ ಮೇಷ್ಟ್ರು ಕೂಗಿದರು, "ಕುಮಟಾದ ಹೆಣ್ಣು ಇಲ್ಲಿಂದ್ಲೇ ಗೊತ್ತಾಗ್ತೈತೆ, ಎದುರಿಗಿರಾದು ಗೊತ್ತಾಗಲ್ವೇನೋ?"

ಕೆಂಚೇಶ್ ತಲೆ ತಗ್ಗಿಸಿದ. ಮೆಟ್ಟಿಲ ಮೇಲೆ ಕೂತುಬಿಟ್ಟ.

"ಅದು ಬೇಸಿಗೆಯಾಗೇ ಗೊತ್ತಾಗೈತೆ ಸರ್," ಎಂದ ಮೆಲ್ಲಗೆ. "ಒಂಟಿಕಾಲಾಗ ನಿಂತಿತ್ತು... ಹೇಳಾಕೆ ಧೈರ್ಯ ಬರ್ಲಿಲ್ಲ."

ಅರ್ಪಿತಾ ಒಳಗೆ ಹೋಗಿ, ಮೇಜಿನ ಮೇಲಿನ ಪಟ್ಟಿಯನ್ನು ಎತ್ತಿಕೊಂಡು ಬಂದಳು.

"ಸವಳಂಗದೋರಿಗೆ ಏನಂತ ಹೇಳ್ತೀಯ... ಅರ್ಪಿತಾ?" ಮೊದಲ ಸಲ ಅವನು 'ಮೇಡಂ' ಬಿಟ್ಟು ಹೆಸರು ಹಿಡಿದು ಕರೆದ.

"ಗಂಡು ಗೊತ್ತಾಗೈತೆ ಅಂತ."

"ಗಂಡು ಹೆಂಗೈತೆ ಅಂದ್ರೆ?"

"ಹೆಣ್ಣಿಗಿಂತ ಗಿಡ್ಡ," ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. "ಇರ್ಲಿ ಬಿಡ್ರಿ... ಅದರಾಗೇ ಅಂದ!"