ಇಟ್ಟಿಗೆಯ ಮೇಲೊಂದು ಪುಟ್ಟ ಕೈ

"ಕೆಳಗಿಡು! ಮೊದಲು ಅದನ್ನ ಕೆಳಗಿಡು!"

ಬಾಗಿಲ ಕಡೆಯಿಂದ ಬಂದ ಆ ಕೂಗಿಗೆ ಮ್ಯೂಸಿಯಮ್ಮಿನ ಮಕ್ಕಳ ಕೋಣೆ ಇಡೀ ಗಪ್‌ಚುಪ್ ಆಯಿತು.

ಜಮಖಾನದ ಮೇಲೆ ಕೂತಿದ್ದ ಹುಡುಗಿಯ ಮಡಿಲಲ್ಲಿ ಒಂದು ಹಳೆಯ ಇಟ್ಟಿಗೆ ಇತ್ತು. ಊರಿನ ಒಡೆದುಹೋದ ಕೋಟೆಗೋಡೆಯದ್ದು. ನಾನೂರು ವರ್ಷಗಳ ಹಿಂದೆ, ಅದು ಇನ್ನೂ ಹಸಿಮಣ್ಣಾಗಿದ್ದಾಗ, ಯಾವುದೋ ಮಗು ಅದರ ಮೇಲೆ ಅಂಗೈ ಊರಿತ್ತು. ಐದೂ ಬೆರಳಿನ ಗುರುತು ಹಾಗೇ ಉಳಿದಿತ್ತು. ಹುಡುಗಿ ಆ ಗುರುತಿನೊಳಗೆ ತನ್ನ ಬೆರಳುಗಳನ್ನು ಒಂದೊಂದಾಗಿ ಕೂರಿಸಿ, ಕಣ್ಣರಳಿಸಿ ನಗುತ್ತಿದ್ದಳು. ಮಾತಿಗೊಮ್ಮೆ "ಯಾಕೆ?" ಎನ್ನುವ ಅವಳಿಗೆ ತರಗತಿಯಲ್ಲಿ 'ಯಾಕೆ ಪುಟ್ಟಿ' ಅಂತಲೇ ಹೆಸರು. ಈಗ ಅವಳಿಗೂ ಯಾಕೆ ಎಂದು ಕೇಳಲು ಬಾಯಿ ಬರಲಿಲ್ಲ.

ಬಿಳಿ ಕೈಗವಸು ತೊಟ್ಟ ಎತ್ತರದ ಆಸಾಮಿಯೊಬ್ಬ ಒಳಗೆ ನುಗ್ಗಿ ಇಟ್ಟಿಗೆಯನ್ನು ಅವಳ ಮಡಿಲಿನಿಂದ ಎತ್ತಿಕೊಂಡೇಬಿಟ್ಟ. ಪುಟ್ಟಿಯ ತುಟಿ ನಡುಗಿತು.

ಮ್ಯೂಸಿಯಮ್ಮಿಗೆ ಬರುವ ಶಾಲೆಗಳ ಮಕ್ಕಳಿಗೆಲ್ಲ ಪಾಠ ಹೇಳುವ ಟೀಚರಿಗೆ ಕೋಪ ನೆತ್ತಿಗೇರಿತು. ಮೊದಲೇ ಅವಳದು ಮೂಗಿನ ತುದಿಯ ಕೋಪ. ಅದರಲ್ಲೂ ಮಕ್ಕಳ ಕಣ್ಣಲ್ಲಿ ನೀರು ಬಂದರೆ ಮುಗಿಯಿತು!

"ಯಾರ್ರೀ ನೀವು? ಪಾಠದ ಮಧ್ಯ ನುಗ್ಗಿ ಮಗು ಕೈಯಿಂದ ಕಿತ್ಕೊಳ್ಳೋಕೆ?"

"ಹೊಸ ಸಂರಕ್ಷಕ. ಹಳೇ ವಸ್ತುಗಳನ್ನ ಕಾಪಾಡೋದು ನನ್ನ ಕೆಲಸ. ಇವತ್ತೇ ಸೇರಿದ್ದು. ಇದು ಆಟದ ಸಾಮಾನಲ್ಲ ಮೇಡಂ."

"ಆಟದ ಸಾಮಾನು ಅಂತ ಯಾರಂದ್ರು? ಇದು ಇವರ ಊರಿನ ಚರಿತ್ರೆ!"

"ಹೌದಾ?" ಅವನು ಪುಟ್ಟಿಯ ಅಂಗೈಯನ್ನು ಮೆಲ್ಲಗೆ ಬಿಡಿಸಿ ತೋರಿಸಿದ. ಅದರ ತುಂಬ ಕೆಂಪು ಪುಡಿ. "ನೋಡಿ. ನೀವು ಚರಿತ್ರೆ ಕಲಿಸ್ತಿಲ್ಲ. ಪುಡಿ ಮಾಡಿ ಹಂಚ್ತಿದೀರಿ."

ಅದೂ ಮಕ್ಕಳೆದುರಿಗೆ! ಅವಳ ಮೈಯೆಲ್ಲ ಉರಿದುಹೋಯಿತು. 'ಇವನ ಬಿಳಿ ಕೈಗವಸಿಗಿಷ್ಟು ಬೆಂಕಿ ಬೀಳ...' ಬಾಯಿಗೆ ಬಂದದ್ದನ್ನೆಲ್ಲ ಅವಳು ನುಂಗಿಕೊಂಡದ್ದು ಮಕ್ಕಳಿದ್ದಾರೆಂಬ ಒಂದೇ ಕಾರಣಕ್ಕೆ.

ಆ ಇಟ್ಟಿಗೆಯೇ ಅವಳ ಪಾಠದ ಜೀವವಾಗಿತ್ತು. ಪಠ್ಯಪುಸ್ತಕದಲ್ಲಿ ಆ ಕೋಟೆಯ ಕಾಲದ ಯುದ್ಧಕ್ಕೆ ಇದ್ದದ್ದು ಎರಡೇ ಸಾಲು. ದೇಶದ ಮೇಲೆ ದೊಡ್ಡ ಸೈನ್ಯ ಬಂತು, ರಾಜ ಕೋಟೆಗಳನ್ನು ಮತ್ತೆ ಕಟ್ಟಿಸಿದ. ಮಕ್ಕಳು ಅದನ್ನು ಉರುಹೊಡೆದು, ಪರೀಕ್ಷೆಯಲ್ಲಿ ಬರೆದು, ಮರುದಿನವೇ ಮರೆಯುತ್ತಿದ್ದರು. ಅವರು ಇಲ್ಲಿಗೆ ಬಂದಾಗ ಅವಳು ಕೇಳುತ್ತಿದ್ದಳು, "ರಾಜ ಕಟ್ಟಿಸಿದ, ಸರಿ. ಕಟ್ಟಿದ್ದು ಯಾರು?" ಆಮೇಲೆ ಇಟ್ಟಿಗೆಯನ್ನು ಮಡಿಲಿಗಿಡುತ್ತಿದ್ದಳು. "ನಿಮ್ಮಷ್ಟೇ ವಯಸ್ಸಿನ ಮಗು ಅಲ್ಲಿ ಕೆಲಸ ಮಾಡ್ತಿತ್ತು. ಬೇಕಾದ್ರೆ ಕೈಯಿಟ್ಟು ನೋಡಿ, ಸರಿಯಾಗಿ ಹಿಡಿಸುತ್ತೆ." ಹಾಗೆ ಕೈಯಿಟ್ಟು ನೋಡಿದ ಮಕ್ಕಳು ಆ ಪಾಠವನ್ನು ಮರೆಯುತ್ತಿರಲಿಲ್ಲ.

ಅಂಥ ಇಟ್ಟಿಗೆಯನ್ನು ಅವನು ಎತ್ತಿಕೊಂಡು ಹೋಗಿದ್ದ.

ಮರುದಿನ ಮ್ಯೂಸಿಯಮ್ಮಿನ ನಿರ್ದೇಶಕರು ಇಬ್ಬರನ್ನೂ ಕರೆಸಿದರು. "ಅಸಲಿ ವಸ್ತುಗಳೆಲ್ಲ ಇನ್ಮೇಲೆ ಗಾಜಿನೊಳಗೆ," ಎಂದರು.

"ಹಾಗಾದ್ರೆ ನನ್ನ ತರಗತಿ?"

"ಮುಚ್ಚಿಬಿಡೋಣಮ್ಮ. ಮಕ್ಕಳು ಗಾಜಿನಾಚೆಯಿಂದ ನೋಡ್ಕೊಂಡು ಹೋಗ್ಲಿ."

ಅವಳು ಸಂರಕ್ಷಕನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. 'ಆಯ್ತಲ್ಲ, ಹೊಟ್ಟೆ ತಣ್ಣಗಾಯ್ತಲ್ಲ ನಿನಗೆ!' ಎಂದು ಹಲ್ಲು ಕಡಿಯುತ್ತ ಹೊರಬಂದಳು.

ಮನೆಯಲ್ಲಿ ಅತ್ತಿಗೆಯೆದುರು ಅದೇ ಮಾತು. ತರಕಾರಿ ಹೆಚ್ಚುವಾಗಲೂ ಅದೇ, ಬಟ್ಟೆ ಮಡಿಸುವಾಗಲೂ ಅದೇ.

"ಅವನ ವಿಷಯ ಬಿಟ್ಟು ನಿನಗೆ ಬೇರೆ ಮಾತೇ ಇಲ್ವಲ್ಲೇ!" ಅತ್ತಿಗೆ ನಕ್ಕಳು.

"ಬೈತಿದೀನಿ ಅತ್ತಿಗೆ!"

"ಬೈಯೋದಕ್ಕಾದ್ರೂ ನೆನಪಿಸ್ಕೋಬೇಕಲ್ವಾ? ನಿಮ್ಮಣ್ಣನ್ನೂ ನಾನು ಬೈತಾ ಬೈತಾನೇ ಕಟ್ಕೊಂಡಿದ್ದು."

ಕೈಯಲ್ಲಿದ್ದ ಟವೆಲನ್ನು ಅತ್ತಿಗೆಯ ಮೇಲೆ ಎಸೆದು ಅವಳು ಎದ್ದುಹೋದಳು.

ತರಗತಿ ಮುಚ್ಚುವ ವಾರ ಬಂತು. ಗೋಡೆಯ ಚಿತ್ರಗಳನ್ನು ಬಿಚ್ಚುತ್ತ ಅವಳು ಒಬ್ಬಳೇ ಗೊಣಗಿಕೊಳ್ಳುತ್ತಿದ್ದಾಗ ಅವನು ಬಂದು ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟ. ತೆರೆದರೆ ಒಳಗೆ ಇಟ್ಟಿಗೆ! ಅದೇ ಕೆಂಪು, ಅದೇ ಮುಕ್ಕಾದ ಮೂಲೆ, ಅದೇ ಪುಟ್ಟ ಕೈ.

"ತರಗತಿ ನಡೀಲಿ. ನಿರ್ದೇಶಕರು ಒಪ್ಪಿದಾರೆ."

"ಮತ್ತೆ... ಪುಡಿ ಉದುರುತ್ತೆ ಅಂದ್ರಲ್ಲ?"

"ಇನ್ನು ಉದುರಲ್ಲ."

ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. 'ಅಯ್ಯೋ, ಸೋತದ್ದಕ್ಕೆ ನಾಚಿಕೆ ಇರಬೇಕು ಪಾಪ,' ಎಂದುಕೊಂಡಳು. ಗೆದ್ದವರಿಗೆ ಉದಾರಿಗಳಾಗುವುದು ಸುಲಭ ನೋಡಿ!

ಅಂದಿನಿಂದ ಪಾಠದ ಹೊತ್ತಿಗೆ ಅವನು ಬಾಗಿಲಲ್ಲಿ ಬಂದು ನಿಲ್ಲತೊಡಗಿದ. ಮಕ್ಕಳು ಅವನಿಗೆ 'ಮುಟ್ಬೇಡಿ ಸರ್' ಎಂದು ಹೆಸರಿಟ್ಟರು. ಅವನು ಸಿಟ್ಟಾಗಲಿಲ್ಲ. ಪಾಠ ಮುಗಿದ ಮೇಲೆ ಎರಡು ಲೋಟ ಚಹಾ ಹಿಡಿದು ಬರುತ್ತಿದ್ದ.

"ಕಟ್ಟಿದ್ದು ಯಾರು ಅಂತ ಕೇಳ್ತೀರಲ್ಲ... ನಾನು ಶಾಲೆಗೆ ಹೋಗ್ವಾಗ ಯಾರೂ ಹಾಗೆ ಕೇಳ್ಲಿಲ್ಲ. ಕೇಳಿದ್ರೆ ನಾನೂ ಚರಿತ್ರೆ ಪರೀಕ್ಷೆಲಿ ಡುಮ್ಕಿ ಹೊಡೀತಿರ್ಲಿಲ್ಲ," ಎಂದ ಒಮ್ಮೆ.

ಅವಳು ಬಿದ್ದು ಬಿದ್ದು ನಕ್ಕಳು. ಲೋಟ ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಕಿತು. ಕೈಗವಸಿಲ್ಲದ ಆ ಕೈ ಬೆಚ್ಚಗಿತ್ತು.

"ನಿಮಗೊಂದು ವಿಷಯ ಹೇಳ್ಬೇಕು..." ಎಂದ ಅವನು.

"ಹೇಳಿ."

"...ಇನ್ನೊಂದಿನ ಹೇಳ್ತೀನಿ."

ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಏನೇನು ಕನಸು ಕಟ್ಟಿದಳೆಂದು ನಾನು ಹೇಳಬೇಕೆ? ಪ್ರೀತಿಸಿದವರಿಗೆ ಗೊತ್ತು.

ಅದೇ ವಾರ ಯಾಕೆ ಪುಟ್ಟಿಯ ಶಾಲೆಯವರು ಮತ್ತೆ ಬಂದರು. ಪುಟ್ಟಿ ಓಡಿಬಂದು ಇಟ್ಟಿಗೆಯನ್ನು ಮಡಿಲಿಗೆ ಹಾಕಿಕೊಂಡಳು. ಬೆರಳಿಟ್ಟಳು. ಒತ್ತಿದಳು. ಮುಖ ಸಿಂಡರಿಸಿದಳು.

"ಟೀಚರ್, ನನ್ನ ಕೈ ಹಿಡಿಸ್ತಿಲ್ಲ!"

"ನೀನು ದೊಡ್ಡವಳಾಗಿಬಿಟ್ಟೆ ಕಣೇ."

"ಯಾಕೆ? ಇಷ್ಟು ಬೇಗ ಯಾಕೆ ದೊಡ್ಡವಳಾಗ್ತೀನಿ? ನನ್ನ ಶೂ ಅದೇ ಇದೆಯಲ್ಲ!"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಟೀಚರೂ ನಗುತ್ತಲೇ ತೋರುಬೆರಳಿನ ಗುರುತಿನಲ್ಲಿ ತನ್ನ ಕಿರುಬೆರಳಿಟ್ಟಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಷ್ಟು ಸಲ ಹಾಗೆ ಇಟ್ಟಿದ್ದಳೋ! ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು.

ಈಗ ಬೆರಳು ಅರ್ಧದಲ್ಲೇ ನಿಂತಿತು.

ಇಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಣ್ಣ ಅದೇ, ಮುಕ್ಕೂ ಅದೇ. ಆದರೆ ಎಲ್ಲವೂ ಒಂದು ಚೂರು ಚಿಕ್ಕದು...

"ಮಕ್ಕಳೇ, ಇಲ್ಲೇ ಕೂತಿರಿ. ಬಂದೆ," ಎಂದು ಅದನ್ನು ಎತ್ತಿಕೊಂಡು ಪಕ್ಕದ ಕಾರ್ಯಾಗಾರದ ಬಾಗಿಲನ್ನು ದಬಾರನೆ ತಳ್ಳಿದಳು.

ಅವನು ಮೇಜಿನ ಮುಂದೆ ಬಗ್ಗಿ ನಿಂತಿದ್ದ. ಮೇಜಿನ ಮೇಲೆ, ಹತ್ತಿಯ ಹಾಸಿಗೆಯಲ್ಲಿ, ಅಸಲಿ ಇಟ್ಟಿಗೆ. ಅದರ ಮೈತುಂಬ ಕೂದಲೆಳೆಯ ಬಿರುಕು.

ಅವಳು ಕೈಯಲ್ಲಿದ್ದುದನ್ನು ಅವನ ಮುಂದೆ ಕುಕ್ಕಿದಳು.

"ಇದನ್ನ ಮಾಡಿದ್ದು ಯಾರು?"

ಅವನು ಕೈಗವಸು ಕಳಚಿದ. "ನಾನು."

"ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ! ಆ ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು, ಇದು ನಿಜ, ಮುಟ್ಟಿ ನೋಡಿ ಅಂತ ದಿನಾ ಹೇಳ್ತಿದ್ದೆ. ದಿನಾ!"

"ತರಗತಿ ಮುಚ್ಚೋರಿದ್ರು. ನಾನೇ ಹೋಗಿ, ಒಂದು ನಕಲು ಮಾಡ್ಕೊಡ್ತೀನಿ, ಮುಚ್ಚಬೇಡಿ ಅಂತ ಕೇಳ್ಕೊಂಡೆ. ನಕಲಿ ಮುಟ್ಟೋಕೆ ಯಾವ ಶಾಲೆಯೋರೂ ಬರಲ್ಲ, ಯಾರಿಗೂ ಹೇಳ್ಬೇಡ ಅಂದ್ರು ನಿರ್ದೇಶಕರು."

"ನನಗೂ ಹೇಳ್ಬಾರ್ದಿತ್ತಾ?"

"ನೀವು ಒಪ್ತಿರ್ಲಿಲ್ಲ. ನಿಮಗೆ ಸುಳ್ಳು ಹೇಳೋಕೆ ಬರಲ್ಲ."

"ಅದಕ್ಕೆ ನನಗೇ ಗೊತ್ತಿಲ್ದ ಹಾಗೆ ಹೇಳಿಸಿದ್ರಾ?"

ಅವನು ನಕಲಿ ಇಟ್ಟಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಚಿಕ್ಕದು ಯಾಕಾಯ್ತು?" ಅವಳು ಬಿಡಲಿಲ್ಲ.

"ಅಚ್ಚು ತೆಗೆದು, ಅದೇ ಥರದ ಮಣ್ಣಲ್ಲಿ ಮಾಡಿ ಸುಟ್ಟೆ. ಸುಟ್ಟಾಗ ಮಣ್ಣು ಕುಗ್ಗುತ್ತೆ. ಅದು ನನಗೆ ಗೊತ್ತಿತ್ತು. ದೊಡ್ಡದಾಗಿ ಇನ್ನೊಂದು ಅಚ್ಚು ಮಾಡೋಕೆ ಟೈಮ್ ಇರ್ಲಿಲ್ಲ. ಇಷ್ಟು ಚೂರು ವ್ಯತ್ಯಾಸ ಮಕ್ಕಳಿಗೆ ಗೊತ್ತಾಗಲ್ಲ ಅಂದ್ಕೊಂಡೆ."

"ಮಕ್ಕಳಿಗೆ ಗೊತ್ತಾಗಲ್ಲ!" ಅವಳ ಧ್ವನಿ ಒಡೆಯಿತು. "ಕಿವಿಗೆ ಹೂ ಇಡೋಕೆ ಮಕ್ಕಳೇ ಬೇಕಿತ್ತಾ ನಿಮಗೆ? ಅವತ್ತು ಏನೋ ಹೇಳ್ಬೇಕು ಅಂದ್ರಲ್ಲ, ಅದು ಇದೇನಾ?"

"ಇದೇ."

"ನಾನೇನೋ ನೀವು..." ಅವಳು ಮಾತನ್ನು ಅರ್ಧಕ್ಕೇ ತುಂಡರಿಸಿದಳು. ಥೂ! ಇವನಿಗಾಗಿ ಕನಸು ಕಟ್ಟಿದೆನಲ್ಲ! ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು. ಕಣ್ಣೊರೆಸಿಕೊಂಡು ಬಾಗಿಲಿಗೆ ಕೈ ತೋರಿಸಿದಳು. "ಬನ್ನಿ. ಇದನ್ನೆಲ್ಲ ನನಗಲ್ಲ, ಅವರಿಗೆ ಹೇಳಿ!"

ಮಕ್ಕಳಿಗೆ ಹೇಳಿದ್ದು ನಿರ್ದೇಶಕರಿಗೆ ಗೊತ್ತಾದರೆ ಅವನ ಕೆಲಸಕ್ಕೇ ಸಂಚಕಾರ. ಆದರೂ ಅವನು ಮರುಮಾತಾಡದೆ ಅಸಲಿ ಇಟ್ಟಿಗೆಯನ್ನು ಹತ್ತಿಯ ಸಮೇತ ಎತ್ತಿಕೊಂಡು ಅವಳ ಹಿಂದೆ ನಡೆದ.

ಜಮಖಾನದ ಮೇಲೆ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಇಟ್ಟಿಗೆಗಳನ್ನು ಮುಂದಿಟ್ಟು, ಮಾಡಿದ್ದನ್ನೆಲ್ಲ ಒಪ್ಪಿಕೊಂಡ. ಕೋಣೆ ಹೊತ್ತಿಕೊಂಡಿತು.

"ಮೋಸ! ಮೋಸ!"

"ಟೀಚರ್‌ಗೂ ಗೊತ್ತಿತ್ತಾ?" ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು.

ಇದೇ, ಇದೊಂದೇ ಟೀಚರಿಗೆ ಭಯವಿದ್ದದ್ದು. ತರಗತಿ ಹೋದರೂ ತಡೆದುಕೊಂಡಾಳು. ಈ ಮಕ್ಕಳು ನಾಳೆಯಿಂದ ಅವಳ ಮಾತು ನಂಬದಿದ್ದರೆ?

"ಇಲ್ಲ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ. "ಅವರಿಗೂ ಮೋಸ ಮಾಡಿದ್ದು ನಾನೇ. ಬೈಯೋದಿದ್ರೆ ನನ್ನ ಬೈಯಿರಿ."

ಪುಟ್ಟಿ ಬೈಯಲಿಲ್ಲ. ಎರಡೂ ಇಟ್ಟಿಗೆಗಳನ್ನು ದಿಟ್ಟಿಸುತ್ತಿದ್ದಳು.

"ಯಾಕೆ ಚಿಕ್ಕದಾಯ್ತು?"

"ಹಸಿಮಣ್ಣಲ್ಲಿ ನೀರಿರುತ್ತೆ. ಒಣಗಿಸಿ ಸುಟ್ಟಾಗ ನೀರೆಲ್ಲ ಹೋಗಿ ಕುಗ್ಗುತ್ತೆ."

"ಈ ನಿಜವಾದ ಇಟ್ಟಿಗೆ ಇದೆಯಲ್ಲ, ಇದನ್ನೂ ಸುಟ್ಟಿದ್ರಾ?"

"ಹೌದು. ಗೂಡಲ್ಲಿಟ್ಟು ಸುಟ್ಟಿದ್ರು."

"ಹಾಗಾದ್ರೆ... ಇದೂ ಕುಗ್ಗಿರ್ಬೇಕಲ್ವಾ?"

ಸಂರಕ್ಷಕ ಅಸಲಿ ಇಟ್ಟಿಗೆಯ ಮೇಲೆ ಬಗ್ಗಿದ. ತಲೆಯೆತ್ತಿ ಟೀಚರನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

ಪುಟ್ಟಿ ನೆಗೆದು ನಿಂತಳು. "ಹಾಗಾದ್ರೆ ಆ ಮಗು ಕೈ ನನ್ನ ಕೈಗಿಂತ ದೊಡ್ಡದು! ಅದು ನನ್ನಷ್ಟೇ ವಯಸ್ಸಿಂದಲ್ಲ! ಟೀಚರ್, ನೀವೂ ತಪ್ಪು ಹೇಳಿದ್ರಿ!"

ಟೀಚರ್ ಹಣೆ ಚಚ್ಚಿಕೊಂಡಳು. ಇಷ್ಟು ವರ್ಷ! ಅಸಲಿ ಇಟ್ಟಿಗೆಯನ್ನೇ ಮಡಿಲಿಗಿಟ್ಟು, ಇಷ್ಟು ವರ್ಷ, ಎಷ್ಟು ಮಕ್ಕಳಿಗೆ ತಪ್ಪು ಹೇಳಿದ್ದಳು! ಮುಟ್ಟಿದರೆ ಸಾಕು, ನಿಜ ತಿಳಿಯುತ್ತದೆ ಎಂದುಕೊಂಡಿದ್ದಳು. ರೇಗೋಣವೆಂದರೆ ಈಗ ತನ್ನ ಹೊರತು ಯಾರೂ ಸಿಗಲಿಲ್ಲ.

ಅವಳೂ ಜಮಖಾನದ ಮೇಲೆ ಕೂತಳು.

"ಹೌದು ಕಣೇ," ಎಂದಳು. "ನಾನೂ ತಪ್ಪೇ ಹೇಳಿದ್ದೆ. ಸರಿಯಾಗಿದ್ದು ಏನು ಅಂತ ನೀವೇ ಕಂಡುಹಿಡೀತೀರಾ?"

ಆಮೇಲಿನ ಗಲಾಟೆ ಕೇಳಬೇಡಿ! ಎಷ್ಟು ದೊಡ್ಡ ಕೈ, ಎಷ್ಟನೇ ತರಗತಿಯ ಮಗುವಿನದು, ಹುಡುಗನೋ ಹುಡುಗಿಯೋ, ಕೂಲಿಗೆ ಬಂದದ್ದೋ ಅಮ್ಮನ ಹಿಂದೆ ಬಂದದ್ದೋ... ಒಬ್ಬರ ಅಂಗೈಗೆ ಒಬ್ಬರು ಅಂಗೈ ಹಚ್ಚಿ ಅಳೆದರು, ಕಿತ್ತಾಡಿದರು. ಮುಟ್ಬೇಡಿ ಸರ್ ನಕಲಿ ಇಟ್ಟಿಗೆಯನ್ನು ತಾನೇ ಎಲ್ಲರ ಕೈಗೂ ದಾಟಿಸುತ್ತಿದ್ದ.

ಗದ್ದಲಕ್ಕೆ ನಿರ್ದೇಶಕರೇ ಓಡಿಬಂದರು. "ಏನ್ರೀ ಇದು ಸಂತೆ?"

ಟೀಚರ್ ಎದ್ದು ನಿಂತಳು. ಅವಳ ಕೋಪಕ್ಕೆ ಕೊನೆಗೂ ಸರಿಯಾದ ವಿಳಾಸ ಸಿಕ್ಕಿತ್ತು.

"ಇದು ನಕಲು ಅಂತ ದೊಡ್ಡಕ್ಷರದಲ್ಲಿ ಬರೆದು ಹಾಕ್ತೀನಿ ಸರ್. ಪಕ್ಕದಲ್ಲೇ ಅಸಲಿ ಇರುತ್ತೆ, ಗಾಜಿನೊಳಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ. ಮಕ್ಕಳಿಗೆ ಸುಳ್ಳು ಹೇಳ್ಕೊಂಡು ನಡೆಯೋ ತರಗತಿ ನನಗೆ ಬೇಡ. ನೀವು ಒಪ್ಪದಿದ್ರೆ ನಾನು ಇವತ್ತೇ ಹೊರಟೆ."

"ನಾನೂ," ಎಂದ ಸಂರಕ್ಷಕ, ಕೂತಲ್ಲಿಂದಲೇ.

"ನಾವೂ ಬರಲ್ಲ!" ಎಂದು ಯಾಕೆ ಪುಟ್ಟಿ ಕೂಗಿದಳು. ಉಳಿದವರು ದನಿಗೂಡಿಸಿದರು.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. "ಆಯ್ತು ಮಾರಾಯ್ರೇ, ಬರೆದು ಹಾಕಿ. ಮೊದಲು ಈ ಗಲಾಟೆ ನಿಲ್ಸಿ," ಎಂದು ಬಂದ ದಾರಿಯಲ್ಲೇ ಹೋದರು.

ಮಕ್ಕಳು ಹೋದ ಮೇಲೆ ಕೋಣೆ ಬಿಕೋ ಎಂದಿತು. ಅವಳು ಜಮಖಾನದ ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ ಹಿಡಿದ. ಮಡಿಸುತ್ತ ಮಡಿಸುತ್ತ ಹತ್ತಿರ ಬಂದರು.

"ಕೋಪ ಹೋಯ್ತಾ?"

"ಇಲ್ಲ."

"ನೀವು ಬೇರೇನೋ ಅಂದ್ಕೊಂಡಿದ್ರಿ ಅಲ್ವಾ... ಅದೂ ನಿಜಾನೇ. ಹೇಳೋಕೆ ನನಗೆ ಮುಖ ಇರ್ಲಿಲ್ಲ. ಮೋಸ ಇಟ್ಕೊಂಡು ಪ್ರೀತಿಸ್ತೀನಿ ಅಂತ ಹ್ಯಾಗೆ ಹೇಳೋದು? ಈಗ ಹೇಳ್ತಿದೀನಿ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ."

ಅವಳ ಕಣ್ಣು ತುಂಬಿತು. ಅದಕ್ಕೂ ಸಿಟ್ಟು ಬಂದು, ಮುಂಗೈಯಿಂದ ಒರೆಸಿಕೊಂಡಳು.

"ನನ್ನ ಒಳ್ಳೇದಕ್ಕೆ ಅಂತ ಇನ್ನೊಂದು ಸಲ ಏನಾದ್ರೂ ಮುಚ್ಚಿಟ್ರೆ..."

"ಇಡಲ್ಲ. ಬೈಸ್ಕೊಂಡ್ರೂ ಪರವಾಗಿಲ್ಲ, ಹೇಳಿಬಿಡ್ತೀನಿ."

"ಕೋಪ ಇನ್ನೂ ಹೋಗಿಲ್ಲ, ಗೊತ್ತಿರ್ಲಿ. ಮದುವೆ ಆದ್ಮೇಲೂ ಹೋಗಲ್ಲ!"

ಅವನ ಕೈಯಿಂದ ಜಮಖಾನ ಜಾರಿಬಿತ್ತು. "ಯಾ... ಯಾರ ಮದುವೆ?"

"ನಿಮ್ಮ ತಲೆ! ನಮ್ಮದು!"

ಹಾಗೆ ಗದರಿದವಳು, ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.