ಆಮೆಯ ಹೊಟ್ಟೆಗೆ ಹೋದ ಕೂದಲು

ಅಂದು ಬೆಳಿಗ್ಗೆ ಏರ್‌ಪೋರ್ಟಿನ ಬಳಿಯ ಬೂದಿಗೆರೆಯ ಮೇಲೆ ಇಳಿದ ಮಂಜು ಎಂಟೂವರೆಯಾದರೂ ಏಳಲಿಲ್ಲ. ಎದುರು ಮನೆಯ ಗೇಟು ಕಾಣದು, ಬೀದಿ ತುದಿಯ ಹುಣಸೆಮರ ಕಾಣದು. ಇಳಿಯಲಾಗದ ವಿಮಾನಗಳು ಊರಿನ ನೆತ್ತಿಯ ಮೇಲೆ ಸುತ್ತು ಹಾಕುತ್ತಿದ್ದವು, ಸದ್ದಿತ್ತು, ರೂಪವಿರಲಿಲ್ಲ. ಕಣ್ಣಿಗೆ ಕಾಣದ್ದೂ ಇರುತ್ತದೆ ಎಂದು ದೇವರನ್ನು ನಂಬಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೆದರುವವರಿಗೂ ಹೇಳಿಕೊಡಬೇಕಿಲ್ಲ.

ಅಕ್ಷತ ನಂಬುವವಳೂ ಹೌದು, ಹೆದರುವವಳೂ ಹೌದು.

ಅವಳು ಕೆಲಸಕ್ಕೆ ಹೋಗುವ ಗುಲಾಬಿ ತೋಟದ ವ್ಯಾನು ಮಂಜಿನ ದೆಸೆಯಿಂದ ಬಂದಿರಲಿಲ್ಲ. ಪ್ರೇಮಿಗಳ ದಿನಕ್ಕೆ ಇನ್ನು ಮೂರು ವಾರ. ಪ್ಯಾಕಿಂಗ್ ಶೆಡ್ಡಿನ ತುಂಬ ಕೆಂಪು ಗುಲಾಬಿ. ಯಾರ್ಯಾರದೋ ಪ್ರೀತಿಯನ್ನು ಇಪ್ಪತ್ತರ ಕಟ್ಟು ಕಟ್ಟಿ ವಿಮಾನಕ್ಕೆ ಕಳಿಸಿ, ಬೆರಳ ತುಂಬ ಮುಳ್ಳಿನ ಗೀರು ಹೊತ್ತು ಮನೆಗೆ ಬಂದರೆ ಅವಳಿಗೆ ಉಣ್ಣುವಷ್ಟೂ ತ್ರಾಣ ಇರುತ್ತಿರಲಿಲ್ಲ. ಹೀಗಾಗಿ ಎಂಟು ದಿನದಿಂದ ಒಂದು ಕೆಲಸ ಬಿಟ್ಟುಹೋಗಿತ್ತು. ಆಮೆಯ ಹೊಟ್ಟೆ ಬಿಚ್ಚಿ ಕೂದಲು ತೆಗೆದಿರಲಿಲ್ಲ.

ಆಮೆ ಎಂದರೆ ತಾನಾಗಿ ಓಡಾಡಿ ನೆಲ ಗುಡಿಸುವ ರೋಬೋ. ಅಪ್ಪ ಅಮ್ಮ ಹೋದ ಮೇಲೆ ಮೊಮ್ಮಕ್ಕಳಿಬ್ಬರನ್ನೂ ಸಾಕಿ ಸೊಂಟ ಸವೆಸಿಕೊಂಡ ಅಜ್ಜಿ ಕದಿರಮ್ಮನಿಗಾಗಿ, ಏರ್‌ಪೋರ್ಟ್ ಕಾರ್ಗೋದಲ್ಲಿ ಕೆಲಸಕ್ಕಿದ್ದ ಅಣ್ಣ ಹರಿಪ್ರಸಾದ್ ತಂದದ್ದು. ಅಜ್ಜಿ ಅದರ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಆಮೆ ಎಂದು ಹೆಸರಿಟ್ಟು, ಮೂರು ಕಟ್ಟಳೆ ಹಾಕಿದ್ದಳು. ದೀಪ ಹಚ್ಚಿದ ಮೇಲೆ ಗುಡಿಸಬಾರದು. ದೇವರ ಮನೆಗೆ ನುಗ್ಗಬಾರದು. ಅಕ್ಷತಳ ಕೂದಲು ಒಂದು ರಾತ್ರಿಯೂ ಅದರ ಹೊಟ್ಟೆಯಲ್ಲಿ ಉಳಿಯಬಾರದು.

ಮೂರನೆಯದಕ್ಕೆ ಕಾರಣವಿತ್ತು. ನಿಶ್ಚಿತಾರ್ಥದವರೆಗೆ ಬಂದ ಎರಡು ಸಂಬಂಧ ಮುರಿದುಬಿದ್ದಾಗ ಕೋಲಾರದ ಕಡೆಯ ಮಂತ್ರವಾದಿಯೊಬ್ಬ, ಈ ಹುಡುಗಿಯ ಕೂದಲು ಯಾರದೋ ಕೈ ಸೇರಿದೆ, ಮಾಟವಾಗಿದೆ ಎಂದಿದ್ದ. ಅಂದಿನಿಂದ ತಲೆ ಬಾಚಿ ಉದುರಿದ್ದನ್ನೆಲ್ಲ ಉಂಡೆ ಸುತ್ತಿ, ಮೂರು ಸಲ ತೂ ತೂ ಎಂದು, ಹಿತ್ತಲ ತೆಂಗಿನ ಬುಡದಲ್ಲಿ ಹೂಳುವುದು ಆ ಮನೆಯ ನೇಮ.

ಅಂದು ಶನಿವಾರ, ಅಜ್ಜಿ ಹನುಮಂತರಾಯನ ಗುಡಿಗೆ ಹೋಗಿದ್ದಳು. ಆಮೆ ಊಟದ ಮೇಜಿನ ಕೆಳಗೆ ಇಂಗ್ಲಿಷಿನಲ್ಲಿ ಏನೋ ನರಳಿ ನಿಂತುಬಿಟ್ಟಿತು. ಬಿಳಿ ನಾಯಿ ಬತ್ತಾಸು ಅದರ ಸುತ್ತ ಕುಣಿದು ಬೊಗಳಿದ. ಕಂದು ಕೊತ್ತಿ ಅದರ ಬೆನ್ನೇರಿ ಕುಳಿತಿತು. ಅಕ್ಷತ ಅಣ್ಣನಿಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆಯಲ್ಲಿ ಮಂಜಿನೊಳಗಿಂದ ಒಂದು ಬೈಕು ಬಂತು.

"ಬೀರೇಶ್ ಅಂತ ಮೇಡಂ. ದೇವನಹಳ್ಳಿ ಹಳೇ ಬಸ್‌ಸ್ಟ್ಯಾಂಡ್ ಹತ್ರ ರಿಪೇರಿ ಅಂಗಡಿ. ಹರಿಪ್ರಸಾದ್ ಕಳಿಸಿದ್ರು. ಪೇಷೆಂಟ್ ಎಲ್ಲಿ?"

"ಪೇಷೆಂಟ್ ಮೇಲೆ ಕೊತ್ತಿ ಕೂತಿದೆ."

"ಹಂಗಾದ್ರೆ ಮೊದಲು ಅವರ ಪರ್ಮಿಷನ್ ತಗೊಳ್ಳೋಣ."

ಅವನ ರೆಪ್ಪೆಯ ಮೇಲೆ ಮಂಜಿನ ಹನಿಗಳಿದ್ದವು. ಒರೆಸಿಕೊಳ್ಳದೆ ಹಾಗೇ ಮಂಡಿಯೂರಿ ಕುಳಿತ. ಆಟೋದವರನ್ನೂ ತರಕಾರಿಯವರನ್ನೂ ಸಲೀಸಾಗಿ 'ಅಣ್ಣ' ಎನ್ನುತ್ತಿದ್ದ ಅಕ್ಷತಳಿಗೆ ಆ ಪದ ಗಂಟಲಲ್ಲೇ ನಿಂತಿತು. ಏನೂ ಕರೆಯದೆ ಸುಮ್ಮನೆ ಒಂದು ಲೋಟ ನೀರು ತಂದಿಟ್ಟಳು.

ಆಮೆಯನ್ನು ಬೋರಲು ಹಾಕಿ ನೋಡಿದರೆ ಬ್ರಷ್ಷು ನೂಲು ಸುತ್ತಿದ ಕದಿರಿನಂತಿತ್ತು.

"ಬಿಳೀದು ಇವನದು," ಎಂದು ಬತ್ತಾಸುವಿನ ಕಿವಿ ಕೆರೆದ. "ಕಂದು ಆ ಮಹಾರಾಣೀದು. ಈ ಉದ್ದದ್ದು..." ಕಣ್ಣೆತ್ತಿದ. ಸೊಂಟದ ಕೆಳಗಿಳಿದ ಅವಳ ಜಡೆಯನ್ನು ಒಂದು ಗಳಿಗೆ ಕಂಡು, ತಪ್ಪು ಮಾಡಿದವನಂತೆ ತಕ್ಷಣ ಬ್ರಷ್ಷಿಗೆ ತಲೆ ತಗ್ಗಿಸಿದ. "ಇದು ಯಾರದು ಅಂತ ಕೇಳಲ್ಲ ಬಿಡಿ."

ಅಕ್ಷತ ಜಡೆಯನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಸರಿಸಿದ್ದು ಅವನಿಗೆ ತಿಳಿಯಿತೆಂದು ಕಿವಿ ಬಿಸಿಯಾಯಿತು.

"ನಾಯಿ ಕೊತ್ತಿ ಇರೋ ಮನೇಲಿ ಎರಡು ದಿನಕ್ಕೊಂದು ಸಲ ಬ್ರಷ್ ಬಿಚ್ಚಬೇಕು ಮೇಡಂ. ಕತ್ತರೀನ ಹಿಂಗೆ ಉದ್ದಕ್ಕೆ ಹಾಯಿಸಿ ಕೂದಲು ಎಳೀರಿ. ಫಿಲ್ಟರ್ ನೆರಳಲ್ಲಿ ಒಣಗಿಸಿ. ಕೆಳಗಡೆ ಈ ಕಣ್ಣಿದೆಯಲ್ಲ, ಒಣಬಟ್ಟೇಲಿ ಒರೆಸ್ತಾ ಇರಿ. ಇಲ್ಲಾಂದ್ರೆ ಮೆಟ್ಟಿಲು ಕಾಣದೆ ಉರುಳುತ್ತೆ."

"ಇಷ್ಟು ಸೇವೆ ಮಾಡೋ ಹೊತ್ತಿಗೆ ನಾನೇ ಗುಡಿಸ್ಕೊಬಹುದಲ್ಲ?"

"ಎಲ್ಲರೂ ಹಂಗೇ ಅಂತಾರೆ. ಆಮೇಲೆ, ಇದಿಲ್ದೆ ಮನೆ ಬಿಕೋ ಅನ್ನುತ್ತೆ, ಬೇಗ ಕೊಡಿ ಅಂತ ಫೋನ್ ಮಾಡ್ತಾರೆ."

ಅವಳು ನಕ್ಕಳು. ಅವನು ನಗುವುದನ್ನು ಮರೆತು ನೋಡಿದ.

ಕೂದಲು ಗಿಯರಿನೊಳಗೂ ಹೊಕ್ಕಿತ್ತು. ಮಿಷನ್ನು ಅಂಗಡಿಗೇ ಹೋಗಬೇಕು. ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಟ. ಬೈಕಿನ ಕೆಂಪು ದೀಪ ಮಂಜಿನಲ್ಲಿ ಕರಗಿದ ಮೇಲೂ ಅಕ್ಷತ ಬಾಗಿಲಲ್ಲೇ ಇದ್ದಳು.

ಅಜ್ಜಿ ತೀರ್ಥದ ಚೊಂಬಿನೊಡನೆ ಒಳಬಂದವಳೇ ಕೇಳಿದಳು: "ಆಮೆ ಎಲ್ಲೇ?"

"ರಿಪೇರಿಗೆ ಹೋಯ್ತು ಅಜ್ಜಿ."

"ಕೂದಲು ತೆಗೆದು ತಾನೆ ಕೊಟ್ಟೆ?"

ಅಕ್ಷತ ಮೇಜಿನ ಕೆಳಗಿನ ಖಾಲಿ ಜಾಗ ನೋಡಿದಳು.

"ಎಷ್ಟು ದಿನದ್ದೇ?"

"ಎಂಟು."

"ಅಯ್ಯೋ ನನ್ನಪ್ಪ ಹನುಮಂತರಾಯ! ಹೋಗಿ ಹೋಗಿ ಗುರುತಿಲ್ಲದ ಗಂಡಸಿನ ಕೈಗೆ ಕೊಟ್ಟೆಯಲ್ಲೇ!"

*

ಭಾನುವಾರ ಅನ್ನ ಸೇರಲಿಲ್ಲ. ಸೋಮವಾರ ಶೆಡ್ಡಿನಲ್ಲಿ ಕೆಂಪಿನ ಕಟ್ಟಿಗೆ ಹಳದಿ ಹೂ ಸೇರಿಸಿ ಮೇಸ್ತ್ರಿಯಿಂದ ಬೈಸಿಕೊಂಡಳು. ಬೀದಿಯಲ್ಲಿ ಬೈಕಿನ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು. ಬೇರೆ ಯಾರದೋ ಬೈಕು ಎಂದು ತಿಳಿದರೆ ಅದಕ್ಕಿಂತ ಹೆಚ್ಚು ಕುಸಿಯುತ್ತಿತ್ತು. ರೆಪ್ಪೆಯ ಮೇಲಿನ ಹನಿಗಳು ನೆನಪಾಗಿ ಪಾತ್ರೆ ತೊಳೆಯುವಾಗ ತನ್ನಷ್ಟಕ್ಕೆ ನಗು ಬಂತು.

ಅಜ್ಜಿ ಕಂಬಕ್ಕೆ ಒರಗಿ ನೋಡುತ್ತಿದ್ದಳು.

"ಮಾಟ ಹತ್ತಿದೋರು ಊಟ ಬಿಡ್ತಾರೆ," ಎಂದಳು ಮೆಲ್ಲಗೆ. "ಒಬ್ಬೊಬ್ರೇ ನಗ್ತಾರೆ. ದಾರಿ ನೋಡ್ತಾರೆ."

ಮೂರೂ ನಿಜವಾಗಿತ್ತು. ಮೂವತ್ತು ವರ್ಷ ಕಾದ ಮೇಲೆ ಅಕ್ಷತಳ ಮನಸ್ಸು ಮೊದಲ ಸಲ ಒಬ್ಬನ ಕಡೆ ತಿರುಗಿದೆ. ಆದರೆ ತಿರುಗಿದ್ದು ಮನಸ್ಸೋ, ತಿರುಗಿಸಿದ್ದು ಅವನೋ? ಈ ಆಸೆ ತನ್ನದೋ, ಎಂಟು ದಿನದ ಕೂದಲು ಹಿಡಿದು ಯಾರೋ ತನ್ನೊಳಗೆ ಬಿತ್ತಿದ್ದೋ? ದೇವರ ಮನೆಯಲ್ಲಿ ಕೈಮುಗಿದು ಕುಳಿತರೆ ಏನು ಬೇಡಬೇಕೆಂದೇ ತಿಳಿಯಲಿಲ್ಲ. ಇದು ಹೋಗಲಿ ಎನ್ನಲು ಬಾಯಿ ಬರಲಿಲ್ಲ. ಇರಲಿ ಎನ್ನಲು ಧೈರ್ಯವಿರಲಿಲ್ಲ.

ಮಂಗಳವಾರ ಅವನ ಫೋನು ಬಂತು.

"ಮೇಡಂ, ಗಿಯರ್ ಬೆಂಗಳೂರಿಂದ ಬರಬೇಕು. ಶುಕ್ರವಾರ ತಂದುಕೊಡ್ತೀನಿ. ಅಲ್ಲೀತನಕ ಪೊರಕೇನೇ ಗತಿ."

"ಪರವಾಗಿಲ್ಲ."

"ಬತ್ತಾಸು ಹೆಂಗಿದಾನೆ? ಬೊಗಳಕ್ಕೆ ಶತ್ರು ಇಲ್ದೆ ಸೊರಗಿರಬೇಕು."

"ನಿಮ್ಮ ಹೆಸರು ಹೇಳಿ ಪೊರಕೆಗೇ ಬೊಗಳ್ತಿದಾನೆ."

"ಓ, ನನ್ನ ಹೆಸರು ಮನೇಲಿ ಬರ್ತಾ ಇದೆಯಾ?"

ಅವಳು ನಕ್ಕುಬಿಟ್ಟಳು, ನಕ್ಕ ಮರುಗಳಿಗೆ ಬಾಯಿ ಮುಚ್ಚಿಕೊಂಡಳು. ಕೂದಲ ವಿಚಾರ ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯಿತು. ಕೇಳಿದರೆ, ಅವನ ಕೈಯಲ್ಲಿ ಏನಿದೆ ಎಂಬುದು ಅವನಿಗೇ ಗೊತ್ತಾಗಿಬಿಡುತ್ತದಲ್ಲ!

ಸಂಜೆ ದೀಪ ಹಚ್ಚಿ ಬಂದು ಅಜ್ಜಿ ತೀರ್ಮಾನ ಹೇಳಿದಳು. "ಅಮಾವಾಸ್ಯೆ ದಿನ ಕೋಲಾರಕ್ಕೆ ಹೋಗೋಣ. ಕಟ್ಟು ಬಿಚ್ಚಿಸ್ಕೊಂಡು ಬರೋಣ. ಆಮೇಲೆ ಆ ಹುಡುಗನ ಮುಖಾನೂ ನಿನಗೆ ಜ್ಞಾಪಕ ಇರಲ್ಲ ನೋಡು."

ಸಮಾಧಾನಕ್ಕೆಂದು ಆಡಿದ ಮಾತು. ಅಕ್ಷತ ಅದುವರೆಗೆ ಹೆದರಿದ್ದೆಲ್ಲ ಒಂದು ತೂಕವಾದರೆ, ಅವನ ಮುಖ ಮರೆತುಹೋಗುವ ಭಯವೊಂದೇ ಒಂದು ತೂಕವಾಯಿತು.

*

ಬುಧವಾರ ಅರ್ಧ ದಿನ ರಜೆ ಹಾಕಿ ದೇವನಹಳ್ಳಿಯ ಬಸ್ಸು ಹತ್ತಿದಳು. ಅಮಾವಾಸ್ಯೆಗೆ ಮುಂಚೆ ಕೂದಲು ಕೈಗೆ ಬರಬೇಕು. ತನ್ನದು ತನಗೆ ಬಂದ ಮೇಲೆ ಈ ಸೆಳೆತ ಉಳಿದರೆ ಅದು ತನ್ನದು. ಹೋದರೆ? ಮುಂದೆ ಯೋಚಿಸಲಾರದೆ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಳು.

ಅಂಗಡಿ ಒಂದು ಕೋಣೆಯದು. ಮಿಕ್ಸಿ, ನೀರಿನ ಫಿಲ್ಟರು, ಫ್ಯಾನುಗಳ ನಡುವೆ ಆಮೆ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು. ಪಕ್ಕದಲ್ಲಿ ಬ್ರಷ್ಷು ತೊಳೆದು ಫಳಫಳ ಹೊಳೆಯುತ್ತಿತ್ತು. ಒಂದೆಳೆ ಕೂದಲೂ ಅದರಲ್ಲಿರಲಿಲ್ಲ.

"ಅರೇ, ಮೇಡಂ! ನೀವ್ಯಾಕೆ ಬಂದ್ರಿ? ನಾನೇ ತರ್ತಿದ್ದೆ..."

"ಕೂದಲು ಎಲ್ಲಿ?"

"ಯಾವ ಕೂದಲು?"

"ನಂದು. ಏನು ಮಾಡಿದ್ರಿ ಅದನ್ನ?"

ಅವನಿಗೆ ನಗು ಬಂತು. ಅಷ್ಟರಲ್ಲಿ ಅವಳು ಬಗ್ಗಿ ಕಸದ ಬುಟ್ಟಿಯೊಳಗೆ ಹುಡುಕುವುದನ್ನು ಕಂಡ. ನಗು ಅಲ್ಲೇ ನಿಂತಿತು. ಎದ್ದು ಹೋಗಿ ಗಣಪತಿ ಪಟದ ಹಿಂದಿನಿಂದ ಅಂಗೈ ಅಗಲದ ಒಂದು ಸ್ಟೀಲ್ ಡಬ್ಬಿ ತಂದ. ಮುಚ್ಚಳ ತೆಗೆದು ಅವಳ ಮುಂದಿಟ್ಟ.

ಒಳಗೆ ಕರಿಯ ಸಿಂಬಿಯಂತೆ ಸುತ್ತಿಟ್ಟ ಕೂದಲು. ನಾಯಿಯದಿಲ್ಲ, ಕೊತ್ತಿಯದಿಲ್ಲ. ಅವಳದು ಮಾತ್ರ.

ಅಕ್ಷತ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಇದನ್ನ ಯಾಕೆ ಇಟ್ಕೊಂಡಿದ್ರಿ?"

"ನಿಮಗೇ ಕೊಡೋಕೆ ಕಣ್ರೀ. ಅಂಗಡಿ ಕಸ ಟೌನಿನ ಕಸದ ಗಾಡಿಗೆ ಹೋಗುತ್ತೆ. ಹೆಣ್ಣುಮಕ್ಕಳ ಕೂದಲು ಹಾದಿಗೆ ಬೀಳಬಾರದು ಅಂತ ನಮ್ಮವ್ವ ಇವತ್ತಿಗೂ ಬೇಲಿ ಸಂದಿಗೆ ಸಿಕ್ಕಿಸ್ತಾರೆ. ಎಳೆ ಎಳೆ ಬಿಡಿಸೋಕೆ ಎರಡು ಸಂಜೆ ಆಯ್ತು. ಬತ್ತಾಸುನ ಕೂದಲು ಸುಲಭಕ್ಕೆ ಬಿಟ್ಟುಕೊಡಲಿಲ್ಲ."

"ಇಷ್ಟೇನಾ? ಒಂದೆಳೇನೂ ಉಳಿದಿಲ್ಲ ತಾನೆ?"

"ಗಿಯರ್ ಒಳಗೆ ಎರಡು ಸಿಕ್ಕಾಕೊಂಡಿತ್ತು. ಮೋಟರ್ ಬಿಚ್ಚಿ ತೆಗೆದೆ."

"ಆಣೆಗೂ?"

"ನಮ್ಮ ಬೀರಪ್ಪನಾಣೆಗೂ."

ಅಕ್ಷತ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಜ್ವರ ಬಿಡುವುದನ್ನು ಕಾಯುವವಳಂತೆ ಕಾದಳು. ಹೊರಗೆ ಕಂಡಕ್ಟರ್ ವಿಜಯಪುರ, ವಿಜಯಪುರ ಎಂದು ಕೂಗುತ್ತಿದ್ದ. ಬಸ್ಸು ಹೊರಟಿತು. ಸದ್ದು ಅಡಗಿತು. ಕಣ್ಣು ತೆರೆದಳು.

ಅವನು ಅಲ್ಲೇ ಇದ್ದ. ಕಿವಿಯ ಮೇಲೆ ಪೆನ್ಸಿಲು, ಹಣೆಯ ಮೇಲೆ ಗ್ರೀಸಿನ ಗೆರೆ. ಎದೆಯೊಳಗಿನದು ಒಂದು ಗುಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಆಗ ನಿಜವಾದ ಭಯವಾಯಿತು. ಇಷ್ಟು ದಿನ ಬೇರೆಯವರ ಮೇಲೆ ಹೊರಿಸಿದ್ದ ಹೊರೆ ತನ್ನದೇ ಎಂದು ತಿಳಿದವರ ಭಯ.

"ಈಗ ಸಮಾಧಾನವಾಯ್ತಾ?" ಎಂದ ಅವನು.

"ಹೋಗ್ಲಿಲ್ಲ," ಎಂದಳು.

"ಏನು ಹೋಗ್ಲಿಲ್ಲ?"

ಅವಳು ತಲೆ ಎತ್ತಲಿಲ್ಲ. ಹೇಳಿದಳು: ಅಜ್ಜಿಯ ಮಾತು, ಕೋಲಾರ, ಅಮಾವಾಸ್ಯೆ, ಹಳದಿ ಹೂವು, ಬೈಕಿನ ಸದ್ದು. ಹೇಳುತ್ತ ಹೇಳುತ್ತ ದನಿ ಸಣ್ಣಗಾಗಿ ನಿಂತುಹೋಯಿತು. ಬೀರೇಶ್ ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟ.

"ನನ್ನ ಕೂದಲು ಯಾರೂ ಇಸ್ಕೊಂಡು ಹೋಗಿಲ್ಲ ಕಣ್ರೀ," ಎಂದ. "ಆದ್ರೂ ಶನಿವಾರದಿಂದ ನನಗೂ ಹಂಗೇ ಆಗಿದೆ."

*

ಅಂದು ಸಂಜೆ ಅಕ್ಷತ ಅಜ್ಜಿಯ ಮುಂದೆ ಡಬ್ಬಿ ಇಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಕೂದಲು ಬಂತು, ಅದು ಮಾತ್ರ ಹೋಗಲಿಲ್ಲ ಎಂದೂ ಹೇಳಿದಳು. ಕದಿರಮ್ಮ ಕೂದಲನ್ನು ಹಿತ್ತಲಿಗೆ ಒಯ್ದು, ತೂ ತೂ ತೂ ಎಂದು ಹೂತು ಬಂದಳು. ಡಬ್ಬಿಯನ್ನು ತೊಳೆದು ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದಳು. ಗುರುವಾರವೆಲ್ಲ ಆ ಡಬ್ಬಿ ಹಾಗೇ ಬೋರಲಾಗಿತ್ತು, ಅಜ್ಜಿಯ ಬಾಯಿಯೂ ಮುಚ್ಚಿತ್ತು.

ಶುಕ್ರವಾರ ಹತ್ತು ಗಂಟೆಗೆ ಬೀರೇಶ್ ಬಂದ. ಚಪ್ಪಲಿ ಗೇಟಿನಲ್ಲೇ ಬಿಟ್ಟ. ಆಮೆಯನ್ನು ನೆಲಕ್ಕಿಳಿಸಿ, ಫೋನಿನಲ್ಲಿ ಮನೆಯ ನಕ್ಷೆ ತೆರೆದು, ದೇವರ ಮನೆಯ ಮುಂದೆ ದಾಟದಂತೆ ಒಂದು ಕೆಂಪು ಗೆರೆ ಎಳೆದ. ಆಮೆ ಹೊಸ್ತಿಲವರೆಗೆ ಹೋಗಿ, ನಮಸ್ಕಾರ ಮಾಡಿದಂತೆ ಒಂದು ಗಳಿಗೆ ನಿಂತು, ಹಿಂದಿರುಗಿತು. ಬತ್ತಾಸು ಹಳೆಯ ಹಗೆಯನ್ನು ಕಂಡ ಖುಷಿಗೆ ಬೊಗಳಿದ.

ಅಜ್ಜಿ ಮಣೆಯ ಮೇಲೆ ಕುಳಿತು ನೋಡುತ್ತಿದ್ದಳು. "ಯಾವೂರಪ್ಪಾ?"

"ಸಾಸಲು ಅಜ್ಜಿ."

"ಬೀರಪ್ಪನ ಒಕ್ಕಲಾ?"

"ಹೌದಜ್ಜಿ."

"ನಾವು ಮುನೇಶ್ವರನ ಒಕ್ಕಲು," ಎಂದಳು. ಅದರಲ್ಲಿ ಹೂಂ ಎಂಬುದೂ ಇರಲಿಲ್ಲ, ಊಹೂಂ ಎಂಬುದೂ ಇರಲಿಲ್ಲ. ಅಕ್ಷತ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಆ ಕೂದಲು ಎಸೆದಿದ್ರೆ ಯಾರು ಕೇಳ್ತಿದ್ರು ನಿನ್ನ?"

"ಯಾರೂ ಕೇಳ್ತಿರಲಿಲ್ಲ ಅಜ್ಜಿ. ಅದಕ್ಕೇ ಭಯ ಆಯ್ತು."

ಕದಿರಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಸೊಂಟ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಹಲಗೆಯ ಮೇಲಿಂದ ಡಬ್ಬಿ ತೆಗೆದ ಸದ್ದಾಯಿತು.

ಬೇರೆ ಮನೆಯ ಪಾತ್ರೆಯನ್ನು ಬರಿದು ಕೊಡುವುದು ಅಜ್ಜಿಯ ಜಾಯಮಾನವಲ್ಲ. ಒಂದು ಹಿಡಿ ಸಕ್ಕರೆಯನ್ನೋ ಒಂದಚ್ಚು ಬೆಲ್ಲವನ್ನೋ ಹಾಕಿಯೇ ಕೊಡುವಳು. ಆದರೆ ಇನ್ನು ಬಳಕೆ ಬೇಡ ಎನಿಸಿದ ಮನೆಗೆ ಬರಿದೇ ಕೊಡುವಳು. ಮುರಿದುಹೋದ ಎರಡೂ ಸಂಬಂಧದವರ ತಟ್ಟೆಗಳು ಹಾಗೆ ಬರಿದಾಗಿಯೇ ಹೋಗಿದ್ದವು. ಒಳಗೆ ಏನಾಗುತ್ತಿದೆ ಎಂದು ಅಕ್ಷತ ಕಿವಿಗೊಟ್ಟಳು. ಆಮೆಯ ಗುಯ್ ಎನ್ನುವ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ಅಜ್ಜಿ ಹೊರಬಂದಳು. ಡಬ್ಬಿಗೆ ಮುಚ್ಚಳ ಹಾಕಿತ್ತು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ತಗೊಳಪ್ಪ, ನಿನ್ನ ಡಬ್ಬಿ," ಎಂದಳು.

ಬೀರೇಶ್ ಎದ್ದು ನಿಂತು ಎರಡೂ ಕೈ ಚಾಚಿದ. ಅಜ್ಜಿ ಅದನ್ನು ಅವನ ಅಂಗೈ ಮೇಲಿಟ್ಟಳು. ಹಗುರವೆಂದು ಎಣಿಸಿದ್ದ ಅವನ ಕೈ ಭಾರಕ್ಕೆ ತುಸು ಕೆಳಗಿಳಿಯಿತು.